ಪರದೆ ಯಾರ ಮನೆಯ ಮಾತು?

ಬೀದರಿನ ಕಣ್ಣಿನ ಡಾಕ್ಟರು ನನ್ನ ರೆಪ್ಪೆಯನ್ನು ಹೆಬ್ಬೆರಳಿನಿಂದ ಎತ್ತಿ ಹಿಡಿದು, ದೀಪ ಬಿಟ್ಟು ನೋಡಿ, "ಅಜ್ಜಿ, ಎರಡೂ ಕಣ್ಣಿಗಿ ಪರದಾ ಬಂದಾದರಿ. ತೆಗೀಬೇಕು" ಎಂದಾಗ ನಾನು ನಕ್ಕುಬಿಟ್ಟೆ. ಪಾಪ, ಅವರಿಗೆ ಗಾಬರಿಯಾಯಿತು. ಕಣ್ಣಿನ ಜೊತೆಗೆ ತಲೆಯನ್ನೂ ನೋಡಿಸಬೇಕೇನೋ ಎಂಬಂತೆ ನನ್ನ ಮಗನ ಮುಖ ನೋಡಿದರು.

ನಾನು ಯಾಕೆ ನಕ್ಕೆ ಎಂದು ನೀವು ಮೊಮ್ಮಕ್ಕಳು ಮೂವರೂ ಕೇಳಲಿಲ್ಲ. ಮನೆಗೆ ಬರುವ ಟಾಂಗಾದಲ್ಲಿ ನಿಮಗೆ ನಿಮ್ಮದೇ ಜಗಳ. ಉದಗೀರದ ಮಗಳ ಮಗ, "ಅದು ಪಡದಾ, ನಮ್ಮ ಮರಾಠಿ ಮಾತು" ಅಂದ. ಜಹೀರಾಬಾದಿನ ಮಗಳ ಮಗಳು, "ತೆಲುಗಿನಾಗ ಪರದಾ ಅಂತಾರ, ಡಾಕ್ಟರೂ ಹಂಗೇ ಅಂದ್ರಲ್ಲ" ಅಂದಳು. ಇಲ್ಲಿ ನನ್ನ ಕೈಯಲ್ಲೇ ಬೆಳೆದ ಮೊಮ್ಮಗನಂತೂ ನಾಡನ್ನೇ ಕಾಯಲು ನಿಂತವನ ಹಾಗೆ, "ಪರದೆ ಅಪ್ಪಟ ಕನ್ನಡ" ಎಂದು ಮುಷ್ಟಿ ಬಿಗಿ ಹಿಡಿದ. ಕೊನೆಗೆ ಟಾಂಗಾದವನು ಹಿಂದೆ ತಿರುಗದೆಯೇ, "ಉತರಕೇ ಲಡೋ ಬಾಬಾ, ಘೋಡಾ ಬಿದಕತಾ" ಅಂದ. ಕುದುರೆ ಬೆದರುತ್ತದೆ, ಇಳಿದು ಜಗಳಾಡಿ ಎಂದು. ನಿಮ್ಮ ಜಗಳದಲ್ಲಿ ಅರ್ಥವಿದ್ದ ಮಾತು ಅದೊಂದೇ.

ನನಗೇನೂ ಆಶ್ಚರ್ಯವಾಗಲಿಲ್ಲ. ನಿಜಾಮರ ಸೀಮೆಯನ್ನೇ ಮಾತಿನ ಮೇಲೆ ಮೂರು ರಾಜ್ಯಕ್ಕೆ ಹರಿದು ಹಂಚಿಕೊಂಡ ಹಿರಿಯರ ಮೊಮ್ಮಕ್ಕಳು ನೀವು. ಒಂದು ತುಂಡು ಬಟ್ಟೆಯನ್ನು ಸುಮ್ಮನೆ ಬಿಡುತ್ತೀರಾ? ಆದರೆ ನನ್ನ ಕಣ್ಣಿನ ಮೇಲೆ ಬಂದದ್ದನ್ನು ನನ್ನನ್ನು ಕೇಳದೆ ಪಾಲು ಮಾಡಿಕೊಂಡಿರಲ್ಲ, ಅದಕ್ಕೆ ಈ ಬರವಣಿಗೆ. ಬಾಯಲ್ಲಿ ಹೇಳೋಣವೆಂದರೆ, ನಾಲ್ಕು ಜನ ಒಟ್ಟಿಗೆ ನನ್ನ ಮುಖ ನೋಡಿದರೆ ಮಾತು ಗಂಟಲಲ್ಲೇ ಕೂತುಬಿಡುತ್ತದೆ. ನೋಡುವವರು ನನ್ನ ಸ್ವಂತ ಮೊಮ್ಮಕ್ಕಳಾದರೂ ಅಷ್ಟೇ. ಔರಾದಿನ ಹತ್ತಿರದ ನಮ್ಮ ಹಳ್ಳಿಯ ಮಠದ ಸಾಲಿಯಲ್ಲಿ ಅಯ್ಯನವರು ಪ್ರಶ್ನೆ ಕೇಳಿದರೆ ನಾನು ಕಂಬದ ಹಿಂದೆ ನಿಂತು ಉತ್ತರ ಹೇಳುತ್ತಿದ್ದೆ. "ಕಂಬ ಭಾಳ ಶ್ಯಾಣ್ಯಾ ಅದ" ಎಂದು ಅವರು ಹೊಗಳುತ್ತಿದ್ದರು. ಹೆಣ್ಣು ನೋಡಲು ಭಾಲ್ಕಿಯಿಂದ ಬಂದ ನಮ್ಮ ಮಾವನವರು, ನಾನು ಒಂದು ಮಾತಿಗೂ ಬಾಯಿ ಬಿಡದ್ದನ್ನು ಕಂಡು ಮೆಚ್ಚಿ ಅಲ್ಲೇ ವೀಳ್ಯ ಕೊಟ್ಟರು. ಅಂಜಿಕೆಯನ್ನು ಗುಣವೆಂದು ತಿಳಿಯುವವರು ಎಲ್ಲ ಕಾಲದಲ್ಲೂ ಇರುತ್ತಾರೆ, ಮಕ್ಕಳೇ.

ಇನ್ನು ಪರದೆಗೆ ಬರುತ್ತೇನೆ. ನಿಜಾಮರ ರಾಜ್ಯದಲ್ಲಿ ನಾವು ಕೂಸಿದ್ದಾಗಿನಿಂದ ಕೇಳಿದ ಮಾತು ಅದು. ಬಯಲಾಟದವರು ಕಟ್ಟುವುದು ಪರದೆ. ಸಿತಾರಿನ ಮೈಗೆ ಕಟ್ಟಿದ ಹಿತ್ತಾಳೆಯ ಮೆಟ್ಟಿಲುಗಳೂ ಪರದೆ. ಹಿತ್ತಲಲ್ಲಿ ಯಾರಾದರೂ ಚೀರಿದರೆ ಹರಿಯುವುದು ಕಿವಿಯ ಪರದೆ. ಇದ್ದವರ ಮನೆಯ ಹೆಂಗಸರು ಕೂಡುವುದು ಪರದೆಯಲ್ಲಿ. ಇಷ್ಟೊಂದು ಅರ್ಥ ಹೊತ್ತುಕೊಂಡ ಮಾತು ನಮ್ಮ ಮನೆಗೆ ಮಾತ್ರ ಬಂದಿರಲಿಲ್ಲ. ಬಂದದ್ದು ನನ್ನ ಮದುವೆಯಾಗಿ, ಚೊಚ್ಚಲ ಮಗ ತೊಟ್ಟಿಲಲ್ಲಿದ್ದಾಗ. ಪೇಶಕಾರರ ಗಾಡಿಯ ಹಿಂದೆ ಬಂತು.

ಪೇಶಕಾರರೆಂದರೆ ತಹಸೀಲ ಕಚೇರಿಯ ದೊಡ್ಡ ಗುಮಾಸ್ತರು. ಭಾಲ್ಕಿಗೆ ಹೊಸದಾಗಿ ಬಂದಿದ್ದರು. ಒಂದು ದಿನ ಅವರ ಮನೆಯ ಹೆಂಗಸರ ಗಾಡಿ ಪೇಟೆಯಲ್ಲಿ ಹಾದುಹೋಯಿತು. ಸುತ್ತಲೂ ದಪ್ಪನೆಯ ಕೆಂಪು ಪರದೆ, ಅದಕ್ಕೆ ಬಿಳಿ ಅಂಚು. ಒಳಗೆ ಯಾರಿದ್ದಾರೋ, ಇದ್ದಾರೋ ಇಲ್ಲವೋ, ಯಾರಿಗೂ ಕಾಣಲಿಲ್ಲ. ಆದರೂ ಅಂಗಡಿಯವರೆಲ್ಲ ಎದ್ದು ನಿಂತರು. ನಮ್ಮ ಅತ್ತೆ ಸಂಗಮ್ಮ ದಿನಾ ಅದೇ ದಾರಿಯಲ್ಲಿ ಮುಖ ತೆರೆದುಕೊಂಡು ಓಡಾಡಿದವರು. ಒಬ್ಬನೂ ಎದ್ದು ನಿಂತಿರಲಿಲ್ಲ. ಮಾವನವರು ಕಾಳುಕಡಿಯ ವ್ಯಾಪಾರಿ. ಯಾವುದಕ್ಕೆ ಬೆಲೆ ಇದೆ ಎಂದು ತಿಳಿಯಲು ಅವರಿಗೆ ಹೊತ್ತು ಹಿಡಿಯಲಿಲ್ಲ. ಬೀದರಿಗೆ ಹೋಗಿ, ಚೌಬಾರದ ಹತ್ತಿರದ ಬಟ್ಟೆಯ ಅಂಗಡಿಯಲ್ಲಿ, "ಪೇಶಕಾರ ಸಾಹೇಬರು ಒಯ್ದದ್ದೇ ಬಟ್ಟಿ, ಅದೇ ಅಂಚು" ಎಂದು ಕೇಳಿ ತಂದರು. ಅಂಗಡಿಗೊಂದು, ಮನೆಯ ಬಾಗಿಲಿಗೊಂದು, ಗಾಡಿಗೊಂದು ಪರದೆಯ ಬಟ್ಟೆ. ಅತ್ತೆಗೂ ನನಗೂ ತಲೆಯಿಂದ ಹಿಮ್ಮಡಿಯವರೆಗೆ ಒಂದೊಂದು ಬಿಳಿ ಚಾದರ.

ಅತ್ತೆ ಆ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. "ನಾ ಮೆಣಸಿನಕಾಯಿ ಮಾರಾಕಿ. ನನ್ನ ಮಾರಿ ನೋಡದ ಎತ್ತು ಸೈತ ಈ ಪ್ಯಾಟ್ಯಾಗಿಲ್ಲ. ಈಗ ಮುಚ್ಚಿ ಏನ್ ಉಳಸ್ತೀರಿ?"

"ಮರ್ಯಾದಿ ಉಳಸ್ತೇನಿ."

"ಇಷ್ಟ ದಿನ ಎಲ್ಲಿಟ್ಟಿದ್ರಿ ಅದನ್ನ?"

ಮಾವನವರು ಪರದೆಗೆ ಮೊಳೆ ಹೊಡೆದರು. ಮರುದಿನದಿಂದ ಅತ್ತೆ ಪರದೆಯ ಹಿಂದೆ ಕೂತು ಮೆಣಸಿನಕಾಯಿ ಮಾರಿದರು. ತಕ್ಕಡಿ ಹೊರಗೆ, ದನಿ ಒಳಗೆ. ಆ ದನಿಯನ್ನು ತಡೆಯುವ ಬಟ್ಟೆಯನ್ನು ಯಾವ ಮಗ್ಗದಲ್ಲೂ ನೇಯ್ದಿರಲಿಲ್ಲ. "ಏ ಬಸಪ್ಪಾ, ಮುಷ್ಟಿ ತುಂಬ ಕೊಸರು ತಗೋಬ್ಯಾಡ, ನಿನ್ನ ಕೈ ಕಾಣ್ತದ ನಂಗ!" ಎಂಬ ಕೂಗು ಪೇಟೆಯ ಆ ತುದಿಗೆ ಕೇಳುತ್ತಿತ್ತು. ಮಾವನವರೋ ಸಂಜೆ ಲಿಂಗಪೂಜೆಯಾದ ಮೇಲೆ, ಹೆಣ್ಣು ಗಂಡು ಒಂದೇ ಎಂಬ ಶರಣರ ಮಾತನ್ನು ಕಣ್ಣು ಮುಚ್ಚಿ ಹಾಡುವರು. ಹಾಡು ಮುಗಿದು ಕಣ್ಣು ತೆರೆದ ಕೂಡಲೆ ಪರದೆ ಎಲ್ಲಾದರೂ ಸರಿದಿದೆಯೇ ಎಂದು ನೋಡುವರು. ನಿಮ್ಮ ಮುತ್ಯಾ, ಶಿವನ ಪಾದ ಸೇರಿದ ನನ್ನ ಯಜಮಾನರು, ಆಗ ತಂದೆಯ ಮುಂದೆ ಉಸಿರು ಬಿಡದ ಮಗ. ಹೀಗಾಗಿ ಅವರೂ ಒಂದು ಬಗೆಯ ಪರದೆಯಲ್ಲೇ ಇದ್ದರು ಅನ್ನಿ.

ನಿಮ್ಮ ಟಾಂಗಾದ ಜಗಳ ಆ ಅಂಗಡಿಯ ಕಟ್ಟೆಯ ಮೇಲೆ ಆಗಲೇ ಆಗಿಹೋಗಿದೆ. ಕಚೇರಿಯ ಮುನಶಿ ಒಬ್ಬರು, "ಯೇ ಫಾರಸೀ ಲಫ್ಜ್ ಹೈ. ಫಾರಸಿ ಮಾತು, ಇರಾನದಿಂದ ಬಾದಶಹರ ಜೋಡಿ ಬಂದಾದ" ಅಂದರು. ಪಂಚಾಂಗದ ಜೋಶಿಯವರಿಗೆ ತಡೆಯಲಿಲ್ಲ. ಪಟ ಎಂಬ ಸಂಸ್ಕೃತದ ಮಾತೇ ಇರಾನಕ್ಕೆ ಹೋಗಿ, ಅಲ್ಲಿಯ ನೀರು ಒಗ್ಗದೆ ಪರದೆಯಾಗಿ ವಾಪಸು ಬಂದಿದೆ ಎಂದು ಸಾಧಿಸಿದರು. ಸಾಯಗಾಂವದಿಂದ ಕಡಲೆ ಮಾರಲು ಬಂದಿದ್ದ ಮರಾಠಿ ರೈತ ತನ್ನದೂ ಒಂದು ಪಾಲು ಕೇಳಿದ. ಈಗ ತಿಳಿದವರು ಮುನಶಿಯವರ ಮಾತೇ ಸರಿ ಅನ್ನುತ್ತಾರೆ. ಆ ದಿನ ಮಾತ್ರ ಪರದೆಯ ಒಳಗಿಂದ ಅತ್ತೆಯ ತೀರ್ಪು ಬಂತು: "ಯಾರದರೇ ಆಗ್ಲಿ, ತೊಳಿಯಾಕಿ ನಾ ಇದ್ದೀನಿ. ಏಳ್ರಿನ್ನ, ಗಿರಾಕಿ ನಿಂತಾರ."

ಇದು ನಗೆಯ ಮಾತಾಗಿಯೇ ಉಳಿಯುತ್ತಿತ್ತು. ಆದರೆ ಒಂದು ದಿನ ಬಳೆಗಾರ್ತಿ ಖಾಜಾಬಿ ಬಂದಳು. ಔರಾದಿನ ಕಡೆಯ ಹಳ್ಳಿಗಳನ್ನೂ ತಿರುಗುತ್ತಿದ್ದವಳು. ನಮ್ಮ ಬಾಗಿಲ ಪರದೆಯನ್ನು ನೋಡಿ, "ಪರದಾ ಪೇಟ್ ಭರೇಲೇ ಲೋಗಾಂಕಾ ಕಾಮ್ ಅಮ್ಮಾ. ಮೈ ಪರದೇಮೇ ಬೈಠೀ ತೋ ಚೂಡಿಯಾಂ ಕೌನ್ ಬೇಚತಾ?" ಎಂದು ನಕ್ಕಳು. ಹೊಟ್ಟೆ ತುಂಬಿದವರ ಕೆಲಸ ಅದು, ತಾನು ಪರದೆಯಲ್ಲಿ ಕೂತರೆ ಬಳೆ ಮಾರುವವರು ಯಾರು ಎಂದು. ಆಮೇಲೆ ನನ್ನ ಕೈ ಹಿಡಿದು ಬಳೆ ತೊಡಿಸುತ್ತ ಮೆಲ್ಲಗೆ ಹೇಳಿದಳು: ನಿನ್ನ ತಾಯಿಯ ಕಣ್ಣು ಹೋಗುತ್ತಿದೆ. ಹಗಲಿನ ಬೆಳಕಿನಲ್ಲಿ ಹತ್ತಿರ ಹಿಡಿದರೆ ಮಬ್ಬಾಗಿ ಕಾಣುತ್ತದೆ, ಅಷ್ಟೇ. ಪೊರೆ ಸರಿಸಲು ಕಣ್ಣಿಗೆ ಸೂಜಿ ಹಾಕುವ ವೈದ್ಯ ಊರಿಗೆ ಬರುವವನಿದ್ದಾನೆ. ಸೂಜಿ ಹಾಕಿದರೆ ಕಂಡರೆ ಕಂಡೀತು, ಇಲ್ಲದಿದ್ದರೆ ಇರುವಷ್ಟೂ ಹೋದೀತು. ಅದಕ್ಕೆ ಮೊದಲು ಮಗಳ ಮುಖ ಒಮ್ಮೆ ನೋಡಿಬಿಡುತ್ತೇನೆ ಅನ್ನುತ್ತಿದ್ದಾಳೆ.

ನಾನು ಅತ್ತೆಗೆ ಹೇಳಿದೆ, ಅತ್ತೆ ಮಾವನವರಿಗೆ ಹೇಳಿದರು. ಅಷ್ಟರಲ್ಲಿ ನನ್ನ ಅಣ್ಣನೇ ಗಾಡಿ ಕಟ್ಟಿಕೊಂಡು ಕರೆಯಲು ಬಂದ. ಬಿಚ್ಚು ಗಾಡಿ. ಮಾವನವರು ಹೊರಗೆ ಬಂದು, ಗಾಡಿಯನ್ನು ಸುತ್ತ ನೋಡಿ, "ಇದರಾಗ ನಮ್ಮ ಸೊಸಿ ಬರೂದಿಲ್ಲ. ನಮ್ಮ ಗಾಡಿಗಿ ಪರದಾ ಹೊಲ್ಯಾಕ ಹಾಕೀವಿ. ಆದ ಮ್ಯಾಲ ಕಳಸ್ತೇವಿ" ಅಂದರು. ಅಣ್ಣ ಬಂದ ಗಾಡಿಯಲ್ಲೇ ತಿರುಗಿ ಹೋದ. ದರ್ಜಿ ಅಂಚು ಸೊಟ್ಟ ಹಚ್ಚಿದ, ಮಾವನವರು ಬಿಚ್ಚಿಸಿದರು, ಮತ್ತೆ ಹಚ್ಚಿಸಿದರು. ಅಲ್ಲಿ ನನ್ನ ತಾಯಿಯ ಕಣ್ಣಿನ ಮೇಲೆ ಯಾವ ದರ್ಜಿಯೂ ಇಲ್ಲದೆ ಪರದೆ ದಪ್ಪವಾಗುತ್ತಿತ್ತು.

ಅಂತೂ ವೈದ್ಯ ಬರುವ ದಿನವೇ ನಾವು ಹೊರಟೆವು. ಅತ್ತೆ, ಕೂಸು ಎತ್ತಿಕೊಂಡ ನಾನು, ಹೊಡೆಯಲು ನಮ್ಮ ಹಳೆಯ ಆಳು ಧೂಳಪ್ಪ. ಮಾವನವರು ಅವನನ್ನು ಬದಿಗೆ ಕರೆದು ತಾಕೀತು ಮಾಡಿದ್ದು ಪರದೆಯೊಳಗಿನ ನನಗೆ ಚೆನ್ನಾಗಿ ಕೇಳಿತು. "ನಮ್ಮಾಕಿ ಒಳಗ ಕುಂತು ಒದರತಾಳ. ಗಾಡಿ ನಿಲ್ಸು ಅಂತಾಳ, ಪರದಾ ತೆಗಿ ಅಂತಾಳ. ಏನಂದ್ರೂ ಹೊಳ್ಳಿ ನೋಡಬ್ಯಾಡ. ನೋಡಿದಿ ಅಂದ್ರ ನಾಳಿಂದ ಕೆಲಸಕ ಬರಬ್ಯಾಡ."

"ಆತ್ರಿ ಧಣಿ" ಅಂದ ಧೂಳಪ್ಪ. ಆತ ಅಂದಂತೆ ನಡೆಯುವ ಮನುಷ್ಯ. ಅದೇ ಗಂಡಾಂತರವಾಯಿತು.

ಮಾಂಜ್ರಾ ಹೊಳೆ ದಾಟಿದ ಮೇಲೆ ಎತ್ತುಗಳಿಗೆ ನೀರು ಕುಡಿಸಲು ಗಾಡಿ ನಿಂತಿತು. ಪಕ್ಕದಲ್ಲೇ ಔರಾದಿನ ಕಡೆಯಿಂದ ಬಂದ ಇನ್ನೊಂದು ಗಾಡಿ ನಿಂತಿತ್ತು. ಕೆಂಪು ಪರದೆ, ಬಿಳಿ ಅಂಚು. ಯಾರದೆಂದು ನೀವೇ ಊಹಿಸಿರುತ್ತೀರಿ. ಕೂಸು ಬಟ್ಟೆ ಹೊಲಸು ಮಾಡಿಕೊಂಡಿತ್ತು. ಅತ್ತೆ ಅರೆನಿದ್ದೆಯಲ್ಲಿದ್ದರು, ನಾನು ಕೂಸನ್ನು ಎತ್ತಿಕೊಂಡು ನೀರಿಗೆ ಇಳಿದೆ. ಅತ್ತಲಿಂದ ಬಿಳಿ ಚಾದರದ ಇನ್ನೊಬ್ಬಳು ಕೈಕಾಲು ತೊಳೆಯಲು ಬಂದಳು. ಅವಳೂ ನನ್ನಂಥವಳೇ ಇರಬೇಕು, ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಮಾಡಿ ತೊಳೆದುಕೊಂಡೆವು. ಗಾಡಿ ಹೊಡೆಯುವವರಿಬ್ಬರೂ ಹೆಂಗಸರು ಹತ್ತುವುದನ್ನು ನೋಡಬಾರದೆಂದು ಆಚೆ ಮುಖ ಮಾಡಿ ನಿಂತಿದ್ದರು. ವಾಪಸು ಬರುವಾಗ ನನ್ನ ಚಾದರ ಜಾರಿ, ಕಣ್ಣಿಗೆಂದು ಬಿಟ್ಟ ಕಿಂಡಿ ಕಿವಿಗೆ ಬಂದಿತ್ತು. ಕಾಲಿನ ಹೆಬ್ಬೆರಳಷ್ಟೇ ಕಾಣುತ್ತಿತ್ತು. ಕೆಂಪು ಬಟ್ಟೆ ಕೈಗೆ ಸಿಕ್ಕಿತು, ಸರಿಸಿ ಹತ್ತಿ ಕೂತೆ. ಒಳಗೆ ಕತ್ತಲು. ಮೂಲೆಯಲ್ಲಿ ದಪ್ಪನೆಯ ಆಕಾರವೊಂದು ಗೊರಕೆ ಹೊಡೆಯುತ್ತಿತ್ತು. ಗೊರಕೆ ನಮ್ಮ ಅತ್ತೆಯದರಂತೆಯೇ ಇತ್ತು. ಗೊರಕೆಗೆ ಭಾಷೆಯಿಲ್ಲ ನೋಡಿ. ಗಾಡಿ ಕಿರ್ ಅಂದಿತು, ಹೊರಟಿತು.

ಬಹಳ ದೂರ ಹೋದ ಮೇಲೆ ಆ ಆಕಾರ ಎದ್ದು, ಎಲೆ ಅಡಿಕೆಯ ಡಬ್ಬಿಗೆ ಕೈ ಹಾಕಿ, ನನ್ನ ತೊಡೆಯ ಮೇಲಿದ್ದ ಕೂಸನ್ನು ಕಂಡು ಹೌಹಾರಿತು.

"ಅಗ್ಗೇ ಅಮ್ಮಾ! ಮೇರೀ ಬಹೂಕೂ ಬಚ್ಚಾ ಕಬ್ ಹುವಾ ಗೇ?"

ನನ್ನ ಸೊಸೆಗೆ ಮಗು ಯಾವಾಗ ಹುಟ್ಟಿತು ಎಂದು ಕೇಳುತ್ತಿದ್ದವರು ಪೇಶಕಾರರ ತಾಯಿ. ನಾನು ಚಾದರ ತೆಗೆದೆ, ಅವರು ಎದೆಗೆ ಕೈ ಇಟ್ಟುಕೊಂಡರು. ತಿಳಿದ ಅಷ್ಟಿಷ್ಟು ಉರ್ದುವಿನಲ್ಲಿ ನಾನು ಯಾರೆಂದು ಹೇಳಿ, "ಗಾಡಿ ಎತ್ತಾಗ ಹೊಂಟದರಿ?" ಅಂದೆ.

"ಭಾಲ್ಕಿಕೂ."

ನಾನು ಅವರ ಕೈ ಹಿಡಿದುಕೊಂಡೆ. "ನಿಮ್ಮ ಆಳಿಗಿ ಒಂದು ಮಾತು ನಿಲ್ಸು ಅನ್ನರಿ ಅಮ್ಮಾ."

"ಮೈ? ಗೈರ್ ಮರ್ದಕೂ ಆವಾಜ್ ದೇವುಂ? ನಕ್ಕೋ ಮಾ, ಖಾನದಾನ್ ಕೀ ನಾಕ್ ಕಟ್ ಜಾತೀ. ತೂ ಬುಲಾ."

ಪರಗಂಡಸಿಗೆ ಕೂಗು ಹಾಕಿದರೆ ಅವರ ಮನೆತನದ ಮೂಗು ಹೋಗುತ್ತದಂತೆ, ನಾನೇ ಕರೆಯಬೇಕಂತೆ. ನಾನು ಬಾಯಿ ತೆರೆದೆ. ಮಕ್ಕಳೇ, ಏನೂ ಬರಲಿಲ್ಲ. ಸಾಲಿಯ ಕಂಬ ಎಲ್ಲಿಂದಲೋ ಬಂದು ಮುಂದೆ ನಿಂತ ಹಾಗಾಯಿತು. "ನಂಗ ನಾಚಿಕಿ ಬರ್ತದರಿ" ಅಂದೆ. ಹೀಗೆ ಮರ್ಯಾದಸ್ಥರಿಬ್ಬರು ಒಬ್ಬರ ಮುಖ ಒಬ್ಬರು ನೋಡುತ್ತ, ಬೇಡವಾದ ದಿಕ್ಕಿಗೆ ಹೋಗುತ್ತಿದ್ದೆವು. ಕೂಸು ಅತ್ತಿತು. ಹೊರಗೆ ಗಾಡಿಯವನು, ಒಡತಿಯ ಮನೆಯಲ್ಲಿ ಕೂಸೇ ಇಲ್ಲವೆಂಬುದನ್ನು ಮರೆತು, "ಸೋಜಾ ಸೋಜಾ" ಎಂದು ಜೋಗುಳ ಹಾಡಿದ.

ನನ್ನ ಕಣ್ಣಲ್ಲಿ ನೀರು ಬಂತು. ಯಾಕೆ ಅಳುತ್ತೀ ಎಂದರು ಪೇಶಕಾರರ ತಾಯಿ. ತಾಯಿಯ ಕಣ್ಣು, ಸೂಜಿ, ವೈದ್ಯ ಎಲ್ಲ ಹೇಳಿದೆ. ಅವರ ಬಾಯಿಯಲ್ಲಿ ಎಲೆ ಅಡಿಕೆ ನಿಂತುಬಿಟ್ಟಿತು. ಡಬ್ಬಿಯಿಂದ ಅಡಕೊತ್ತು ತೆಗೆದು ನನ್ನ ಕೈಯಲ್ಲಿಟ್ಟರು. "ಮೂಂಸೇ ನೈ ಹೋತಾ ತೋ ಹಾತ್ ಸೇ ಕರ್. ಕಾಟ್."

ಬಾಯಿಂದ ಆಗದಿದ್ದರೆ ಕೈಯಿಂದ ಮಾಡು ಎಂದರು. ನಾನು ಪರದೆಯ ಮುಂಭಾಗವನ್ನು ಅಡಕೊತ್ತಿನಿಂದ ಮೇಲಿಂದ ಕೆಳಗೆ ಸೀಳಿ, ಬರಿಯ ಸೆರಗಿನಲ್ಲಿ ತಲೆ ಹೊರಗೆ ಹಾಕಿದೆ. ಗಾಡಿಯವನು ತಿರುಗಿ ನೋಡಿದ. ನೋಡಿದವನೇ ಹಗ್ಗ ಕೈಬಿಟ್ಟು, ರುಮಾಲಿನಿಂದ ಎರಡೂ ಕಣ್ಣು ಮುಚ್ಚಿಕೊಂಡ. "ತೋಬಾ ತೋಬಾ, ಅಂದರ್ ಜಾವೋ ಬೇಗಂಸಾಬ್!" ಒಳಗೆ ಹೋಗಿ ಎಂದು ಅವನು ಗೋಗರೆಯುತ್ತಿರುವಾಗ ಎತ್ತುಗಳೇ ಬುದ್ಧಿವಂತಿಕೆಯಿಂದ ನಿಂತವು.

"ನಾ ನಿಮ್ಮಾಕಿ ಅಲ್ಲರೀ!" ಎಂದು ಕೂಗಿದೆ. ನನ್ನ ದನಿಯೇ ಅದು. ನನಗೇ ಗುರುತು ಹತ್ತಲಿಲ್ಲ.

ಕಣ್ಣು ಮುಚ್ಚಿಕೊಂಡೇ ಅವನು ಕೇಳಿದ: "ತೋ ಹಮಾರೀವಾಲೀ ಕಹಾಂ ಹೈ?"

ಅವರಾಕೆ ಎಲ್ಲಿದ್ದಳೆಂದು ಈಗ ಹೇಳುತ್ತೇನೆ. ಅವಳು ನಮ್ಮ ಗಾಡಿಯಲ್ಲಿ, ನಮ್ಮ ಅತ್ತೆಯ ಎದುರಿಗೆ ಕೂತಿದ್ದಳು. ಅತ್ತೆಗೆ ಬೇಗನೆ ಗೊತ್ತಾಯಿತು. "ಧೂಳ್ಯಾ, ಗಾಡಿ ಹೊಳ್ಳಸೋ! ಇದು ಬ್ಯಾರೆ ಸೊಸಿ!" ಎಂದು ಕೂಗಿದರು. ಧೂಳಪ್ಪ ಮನಸ್ಸಿನಲ್ಲೇ ಧಣಿಯ ದೂರದೃಷ್ಟಿಗೆ ಕೈ ಮುಗಿದು ಎತ್ತುಗಳನ್ನು ಇನ್ನೂ ಜೋರಾಗಿ ಹೊಡೆದ. ಪರದೆ ಜಗ್ಗಿದರು. ಮಾವನವರು ಹೇಳಿಕೊಟ್ಟಂತೆ ಧೂಳಪ್ಪ ಹೊಳೆ ಬಿಡುವಾಗ ಅದನ್ನು ಹೊರಗಿನಿಂದ ಗಂಟು ಹಾಕಿದ್ದ. ಹಳ್ಳಿ ಮುಟ್ಟುವವರೆಗೂ ಅತ್ತೆ ಕೂಗಿದರು. ಹಳ್ಳಿ ಮುಟ್ಟಿದಾಗ, ಹುಟ್ಟಿದಾಗಿನಿಂದ ಅವರನ್ನು ಬಿಟ್ಟಿರದ ಆ ದನಿ ಪೂರ್ತಿ ಬಿದ್ದುಹೋಗಿತ್ತು.

ನನ್ನ ಅಣ್ಣ, ಬೀಗರು ಪರದೆಯವರಾಗಿದ್ದಾರೆಂದು ನೆನಪಿಟ್ಟು, ಗೋಡೆಗೆ ಮುಖ ಮಾಡಿ "ಬರ್ರಿ, ಒಳಗ ಬರ್ರಿ" ಅಂದ. ಅತ್ತೆ ಕೈ ಆಡಿಸಿದ್ದು ಗೋಡೆಗೆ ಕಾಣಲಿಲ್ಲ. ಅವರು ತುಟಿ ಆಡಿಸಿದ್ದು ನನ್ನ ತಾಯಿಗೆ ಕಾಣಲಿಲ್ಲ. ತಾಯಿ ಚಾದರದ ಹುಡುಗಿಯನ್ನು ಬಾಗಿಲ ಬೆಳಕಿಗೆ ಎಳೆದು, ಚಾದರ ಸರಿಸಿ, ಎರಡೂ ಕೈಯಿಂದ ಮುಖ ಸವರಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. "ಎಷ್ಟ ಸೊರಗಿದೆವ್ವ ನನ್ನವ್ವ!" ಕನ್ನಡ ಬಾರದ ಆ ಹುಡುಗಿ ಗಳಗಳ ಅತ್ತಳು. ಕೂಸೆಲ್ಲಿ ಎಂದರೆ ಗೋಡೆಯ ಕಡೆಯಿಂದ ಅಣ್ಣ, "ಗಾಡ್ಯಾಗ ಮಲಗಿರಬೇಕು" ಅಂದ. ವೈದ್ಯ ಬೆಳಕು ಇಳಿಯುತ್ತದೆ ಎಂದು ಅವಸರ ಮಾಡಿದ. "ಆತು, ಮಗಳ ಮಾರಿ ನೋಡಿದೆ. ಕೂಸಿನ ಮಾರಿ ಹೊಸ ಕಣ್ಣಿಲೆ ನೋಡ್ತೇನಿ. ಹಾಕಪ್ಪ ಸೂಜಿ" ಎಂದು ತಾಯಿ ಕೂತಳು. ಸೂಜಿ ಇಳಿಯುವಾಗ ಆ ಹುಡುಗಿ ಅವಳ ಕೈ ಬಿಡಲಿಲ್ಲ.

ಪೇಶಕಾರರ ಗಾಡಿಯನ್ನೇ ತಿರುಗಿಸಿಕೊಂಡು, ಹೊತ್ತು ಮುಳುಗುವ ಮೊದಲು ನಾನು ಓಡಿ ಒಳಗೆ ಬಂದಾಗ ನನ್ನ ತಾಯಿಯ ಕಣ್ಣಿಗೆ ಪಟ್ಟಿ ಬಿದ್ದಿತ್ತು. "ಅವ್ವಾ" ಎಂದು ಕಾಲ ಹತ್ತಿರ ಕುಸಿದೆ.

ಅವಳು ದನಿಯ ಕಡೆಗೆ ಮುಖ ತಿರುಗಿಸಿದಳು. "ನೀ ಯಾರವ್ವ? ನನ್ನ ಮಗಳು ಇಲ್ಲೇ ಕುಂತಾಳಲ್ಲ."

ದನಿ ಬಿದ್ದ ನಮ್ಮ ಅತ್ತೆ ಜೀವಮಾನದಲ್ಲಿ ಮೊದಲ ಸಲ ಪಿಸುಗುಟ್ಟಿ ಎಲ್ಲವನ್ನೂ ಹೇಳಿದರು. ತಾಯಿ ಕೇಳಿದಳು. "ಮತ್ತ ನಾ ನೋಡಿದ ಮಾರಿ?" ಆ ಹುಡುಗಿ ಅಳುತ್ತ, "ಮಾಫ್ ಕರೋ ಅಮ್ಮಾ. ಆಪಕೇ ಹಾತಾಂ ಮೇರೇ ಅಮ್ಮೀಕೇ ಜೈಸೇಚ್ ಥೇ, ಛೋಡನೇಕಾ ದಿಲ್ ನೈ ಹುವಾ" ಅಂದಳು. ನಿಮ್ಮ ಕೈ ನನ್ನ ತಾಯಿಯ ಕೈಯಂತೆಯೇ ಇತ್ತು, ಬಿಡಲು ಮನಸ್ಸಾಗಲಿಲ್ಲ ಎಂದು. ಮದುವೆಯಾಗಿ ಬಂದ ಮೇಲೆ ಅವಳು ತವರು ಕಂಡಿರಲಿಲ್ಲ. ಅವ್ವ ಎಂಬ ಮಾತು ಯಾವ ಭಾಷೆಯಲ್ಲಿದ್ದರೂ ನನ್ನ ತಾಯಿಗೆ ತಿಳಿಯುತ್ತಿತ್ತು. ಒಂದು ಕೈ ನನಗೆ ಕೊಟ್ಟಳು, ಇನ್ನೊಂದನ್ನು ಅವಳಿಂದ ತೆಗೆಯಲಿಲ್ಲ.

ಪೇಶಕಾರರ ತಾಯಿಯೂ ಅವರ ಸೊಸೆಯೂ ಮರುದಿನ ಬೆಳಿಗ್ಗೆ ಹೊರಟರು. ನಾನು ಉಳಿದೆ, ಪಟ್ಟಿಯನ್ನೇ ನೋಡುತ್ತ. ಸೂಜಿ ಕೆಟ್ಟರೆ ನನ್ನ ತಾಯಿ ಕೊನೆಯದಾಗಿ ಕಂಡ ಮಗಳು ಪೇಶಕಾರರ ಸೊಸೆ. ಇದೆಲ್ಲ ಯಾರ ಮರ್ಯಾದೆ ಉಳಿಸಲು ಎಂದು ನೆನೆದರೆ ಈಗಲೂ ಹಲ್ಲು ಕಚ್ಚುತ್ತೇನೆ. ಇರುವ ಹಲ್ಲನ್ನು.

ಅತ್ತೆ ಭಾಲ್ಕಿಗೆ ತಿರುಗಿ ಹೋದ ಮೇಲೆ ಏನಾಯಿತೆಂದು ಖಾಜಾಬಿಯಿಂದ ತಿಳಿಯಿತು. ದನಿ ಬರುವವರೆಗೂ ಅತ್ತೆ ಕಾದರಂತೆ. ಬಂದ ದಿನ ಅಂಗಡಿಯ ಪರದೆಯನ್ನು ಕಿತ್ತು, ಮಾವನವರ ಗಾದಿಯ ಮುಂದೆ ಹೊಡೆಸಿ, "ಮರ್ಯಾದಿ ಭಾಳ ಇದ್ದವರು ಒಳಗ ಕುಂದರ್ರಿ" ಎಂದು ತಾವು ತಕ್ಕಡಿ ಹಿಡಿದು ಹೊರಗೆ ಕೂತರಂತೆ. ಗಾಡಿಯ ಪರದೆ ಮೆಣಸಿನಕಾಯಿಯ ಚೀಲಗಳಾಯಿತು. ಪೇಶಕಾರರು ಅಂಗಡಿಯ ಮುಂದೆ ಹಾದುಹೋಗುವಾಗ ಪೇಟೆ ಎದ್ದು ನಿಂತಿತು, ಮಾವನವರು ಒಳಗೆ ಇದ್ದದ್ದರಿಂದ ಅವರಿಗೆ ಕಾಣಲಿಲ್ಲವಂತೆ.

ಹೀಗಾಗಿ ಮಾತು ಯಾರದು ಎಂಬ ನಿಮ್ಮ ಜಗಳವನ್ನು ಮೂವರೂ ಬಿಟ್ಟುಬಿಡಿ. ಅದರ ತೀರ್ಪು ಮೆಣಸಿನಕಾಯಿಯ ಅಂಗಡಿಯಲ್ಲಿ ಆಗಿಹೋಗಿದೆ. ನಾಳಿದ್ದು ನನ್ನ ಕಣ್ಣಿನ ಪರದೆ ತೆಗೆದ ಮೇಲೆ, ಪಟ್ಟಿ ಬಿಚ್ಚುವಾಗ ಎದುರಿಗೆ ಯಾರು ನಿಲ್ಲಬೇಕೆಂದು ಹೊಸ ಜಗಳ ತೆಗೆಯಬೇಡಿ. ಆ ಸುಖ ಎಂಥದೆಂದು ನನಗೆ ಗೊತ್ತು.

ನನ್ನ ತಾಯಿಯ ಪಟ್ಟಿ ಬಿಚ್ಚಿದ ದಿನ ನಾನು ಮುಖ ತೊಳೆದು, ಕುಂಕುಮ ಇಟ್ಟುಕೊಂಡು, ಕೂಸನ್ನು ಎತ್ತಿಕೊಂಡು ಎದುರಿಗೆ ಕೂತಿದ್ದೆ. ಅವಳು ಕಣ್ಣು ಪಿಳುಕಿಸಿದಳು. ಒಂದು ಕಣ್ಣು ತೆರೆಯಿತು. ಕೂಸನ್ನು ನೋಡಿ, ಅದರ ಮೂಗು ಹಿಡಿದು ನಕ್ಕಳು. ಆಮೇಲೆ ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ನಾನು ಅಳುವುದಕ್ಕೆ ಸಿದ್ಧವಾಗಿಯೇ ಕೂತಿದ್ದೆ.

"ನೀ ಹಂಗೇ ಅದಿ ಬಿಡು" ಅಂದಳು ನನ್ನವ್ವ, ನನ್ನ ಹೆಗಲ ಆಚೆಗೆ ಬಾಗಿಲ ಕಡೆ ಕಣ್ಣು ಹಾಯಿಸುತ್ತ. "ಆಕಿ ಎಲ್ಲಿ?"